ಸ್ತನ ತೆಗೆದ ಮೇಲೆ ಗಡ್ಡೆಯ ವರದಿ ಹೇಳುವುದೇನು

ಕ್ಯಾನ್ಸರಿಗೆ ಒಳಗಾದ ಸ್ತನವನ್ನು ಪೂರ್ತಿಯಾಗಿ ತೆಗೆದುಹಾಕುವ ಶಸ್ತ್ರಚಿಕಿತ್ಸೆಗೆ ವೈದ್ಯಶಾಸ್ತ್ರದಲ್ಲಿ ಮ್ಯಾಸ್ಟೆಕ್ಟಮಿ ಎಂದು ಹೆಸರು. ಗಂಟು ಇದ್ದ ಅಂಗವೇ ಹೋದ ಮೇಲೆ ರೋಗಕ್ಕೆ ನೆಲೆ ಉಳಿಯುವುದಿಲ್ಲ, ಹೊಲಿಗೆ ಬಿಚ್ಚಿದ ದಿನಕ್ಕೆ ಚಿಕಿತ್ಸೆಯೂ ಮುಗಿಯುತ್ತದೆ ಎಂಬ ತಿಳಿವಳಿಕೆ ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರುಗಳಲ್ಲಿ ಮಾತ್ರವಲ್ಲದೆ ಓದುಬರಹ ಬಲ್ಲ ನಗರದ ಮನೆಗಳಲ್ಲಿಯೂ ಇದೆ. ಆದರೆ ಶಸ್ತ್ರಚಿಕಿತ್ಸಕರ ಕೆಲಸ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಲೇ ರೋಗದ ಗುಣವನ್ನು ಅಳೆಯುವ ಕೆಲಸ ಮೊದಲಾಗುತ್ತದೆ. ತೆಗೆದ ಗಡ್ಡೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ಯಾಥಾಲಜಿಸ್ಟರು ಬರೆಯುವ ಒಂದೆರಡು ಪುಟಗಳ ವರದಿಯಲ್ಲಿ, ಆ ಮಹಿಳೆಗೆ ಮುಂದೆ ಕೀಮೊ ಬೇಕೆ, ರೇಡಿಯೇಶನ್ ಬೇಕೆ, ಮಾತ್ರೆ ಬೇಕಾದರೆ ಎಷ್ಟು ವರ್ಷ ಎಂಬ ಪ್ರಶ್ನೆಗಳಿಗೆಲ್ಲ ಉತ್ತರದ ಎಳೆಗಳಿರುತ್ತವೆ. ಕ್ಯಾನ್ಸರ್ ಮರಳಿ ಬರುವ ಸಂಭವವನ್ನು ಹೆಚ್ಚಿಸುವ ಗಡ್ಡೆಯ ಗುಣಗಳನ್ನು ಅಧಿಕ ಅಪಾಯದ ಲಕ್ಷಣಗಳೆಂದು ಕರೆಯುವ ವಾಡಿಕೆಯಿದ್ದು, ಅವುಗಳ ಲೆಕ್ಕ ಸಿಗದೆ ಹೋದರೆ ಎಷ್ಟೇ ಕುಶಲವಾಗಿ ನಡೆದ ಶಸ್ತ್ರಚಿಕಿತ್ಸೆಯೂ ಅರ್ಧ ಚಿಕಿತ್ಸೆಯಾಗಿಯೇ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದೆ, 98 ಸಾವಿರಕ್ಕೂ ಹೆಚ್ಚು ಮಂದಿ ಅದರಿಂದ ತೀರಿಕೊಂಡಿದ್ದಾರೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯು ಆಸ್ಪತ್ರೆಗೆ ಬಂದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಶೇ 57ರಷ್ಟು ಮಂದಿಯಲ್ಲಿ ರೋಗವು ಹುಟ್ಟಿದ ಜಾಗವನ್ನು ದಾಟಿ ಸುತ್ತಲಿನ ಭಾಗಕ್ಕೆ ಇಲ್ಲವೆ ಕಂಕುಳಿನ ಗ್ರಂಥಿಗಳಿಗೆ ಹಬ್ಬಿತ್ತೆಂದು ಹೇಳುತ್ತದೆ. ಗಡ್ಡೆ ಅಷ್ಟು ಬೆಳೆದ ಮೇಲೆ ಸ್ತನವನ್ನು ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಯುವುದು ಅನೇಕ ವೇಳೆ ಸಾಧ್ಯವಾಗುವುದಿಲ್ಲ. ಸಾಧ್ಯವಿರುವಲ್ಲಿಯೂ ಮತ್ತೊಂದು ಕಾರಣ ಅಡ್ಡ ಬರುತ್ತದೆ: ಸ್ತನ ಉಳಿಸಿಕೊಂಡರೆ ಸಾಮಾನ್ಯವಾಗಿ ರೇಡಿಯೇಶನ್ ಪಡೆಯಲೇಬೇಕಾಗುತ್ತದೆ, ಅದಕ್ಕೆಂದು ವಾರಗಟ್ಟಲೆ ಹುಬ್ಬಳ್ಳಿಗೆ ಓಡಾಡಬೇಕಾಗುತ್ತದೆ; ಪೂರ್ತಿ ತೆಗೆಸಿಕೊಂಡರೆ ಜನರು 'ಕರೆಂಟ್ ಕೊಡುವುದು' ಎನ್ನುವ ಆ ಚಿಕಿತ್ಸೆಯ ಗೋಜೇ ಇರುವುದಿಲ್ಲ ಎಂಬ ಲೆಕ್ಕದಿಂದ ಕುಟುಂಬಗಳು ಮ್ಯಾಸ್ಟೆಕ್ಟಮಿಗೆ ಒಪ್ಪುತ್ತವೆ. ಆ ಲೆಕ್ಕ ಕೆಲವರ ಪಾಲಿಗೆ ಸರಿ, ಕೆಲವರ ಪಾಲಿಗೆ ಪೂರ್ತಿ ತಪ್ಪು, ಮತ್ತು ಯಾರ ಪಾಲಿಗೆ ಯಾವುದು ಎಂದು ಹೇಳಬಲ್ಲದ್ದು ಮೇಲೆ ಹೇಳಿದ ಪ್ಯಾಥಾಲಜಿಸ್ಟರ ವರದಿ ಮಾತ್ರ.

ಹೆಚ್ಚು ಕೊಯ್ದಷ್ಟೂ ಹೆಚ್ಚು ಗುಣ ಎಂಬ ಎಣಿಕೆ ಒಂದು ಕಾಲದಲ್ಲಿ ವೈದ್ಯರದೂ ಆಗಿತ್ತು. ಅಮೆರಿಕದ ಬಾಲ್ಟಿಮೋರಿನ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯಲಾಗುತ್ತಿತ್ತು. ಸುಮಾರು ಮುಕ್ಕಾಲು ಶತಮಾನ ಜಗತ್ತಿನಾದ್ಯಂತ ಅದೇ ನಡೆಯಿತು. ಅಮೆರಿಕದವರೇ ಆದ ಶಸ್ತ್ರಚಿಕಿತ್ಸಕ ಬರ್ನಾರ್ಡ್ ಫಿಶರ್ ಅವರ ತಂಡವು 1971ರಲ್ಲಿ ಆರಂಭಿಸಿ 25 ವರ್ಷ ರೋಗಿಗಳನ್ನು ಹಿಂಬಾಲಿಸಿದ ಪ್ರಯೋಗವು, ಸ್ನಾಯು ಸಮೇತ ತೆಗೆದವರಿಗೂ ಸ್ತನವನ್ನಷ್ಟೇ ತೆಗೆದವರಿಗೂ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿತು. ಸ್ತನ ಉಳಿಸಿ ರೇಡಿಯೇಶನ್ ಕೊಟ್ಟರೂ ಬದುಕುಳಿಯುವ ಪ್ರಮಾಣ ಅಷ್ಟೇ ಇರುತ್ತದೆಂಬುದನ್ನು ಫಿಶರ್ ಅವರ ಇನ್ನೊಂದು ಪ್ರಯೋಗವೂ ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ ನಡೆಸಿದ ಪ್ರಯೋಗವೂ ಸ್ಪಷ್ಟಪಡಿಸಿದವು. ಗಡ್ಡೆಯಿಂದ ಬಿಡಿಸಿಕೊಂಡ ಜೀವಕೋಶಗಳು ಶಸ್ತ್ರಚಿಕಿತ್ಸೆಗೆ ಮೊದಲೇ ರಕ್ತದಲ್ಲಿ ಇಲ್ಲವೆ ದುಗ್ಧರಸದ ನಾಳಗಳಲ್ಲಿ ಹೊರಟುಹೋಗಿದ್ದರೆ ಚಾಕುವಿನ ಅಗಲದಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಹೊಲದ ಕರಿಕೆಯನ್ನು ಎಷ್ಟು ಆಳಕ್ಕೆ ಅಗೆದು ಕಿತ್ತರೂ ಮಣ್ಣಿನಲ್ಲಿ ಉಳಿದ ಒಂದು ಗೆಣ್ಣು ಮತ್ತೆ ಚಿಗುರುವಂತೆ, ಎದೆಯ ಗೋಡೆಯಲ್ಲೋ ಗ್ರಂಥಿಗಳಲ್ಲೋ ಮೂಳೆಯಲ್ಲೋ ಉಳಿದ ಕೋಶಗಳು ವರ್ಷಗಳ ನಂತರ ತಲೆ ಎತ್ತಬಲ್ಲವು. ಹಾಗೆ ಉಳಿದಿರುವ ಸಂಭವ ಎಷ್ಟೆಂಬುದನ್ನು ಗಡ್ಡೆಯ ಗುಣದಿಂದ ಊಹಿಸುವುದೇ ಇಲ್ಲಿಯ ಇಡೀ ಶಾಸ್ತ್ರ.

ಆ ಊಹೆ ಸರಿಯಾಗಿರಬೇಕಾದರೆ ಮೊದಲು ಗಡ್ಡೆ ಕೆಡದೆ ಪ್ರಯೋಗಾಲಯಕ್ಕೆ ತಲುಪಬೇಕು. ಈ ಮಾತು ಕ್ಷುಲ್ಲಕವೆನಿಸಬಹುದಾದರೂ ಇಲ್ಲಿ ಆಗುವ ನಷ್ಟ ಸಣ್ಣದಲ್ಲ. ದೇಹದಿಂದ ಬೇರೆಯಾದ ಅಂಗಾಂಶವನ್ನು ಒಂದು ಗಂಟೆಯ ಒಳಗೆ ಫಾರ್ಮಾಲಿನ್ ದ್ರಾವಣದಲ್ಲಿ ಇಡಬೇಕು, ದ್ರಾವಣವು ಅಂಗಾಂಶದ ಗಾತ್ರದ ಹತ್ತು ಪಟ್ಟಿನಷ್ಟಾದರೂ ಇರಬೇಕು, ಇಡೀ ಸ್ತನವು ದಪ್ಪವಾದ ಕೊಬ್ಬಿನ ಮುದ್ದೆಯಾದ್ದರಿಂದ ದ್ರಾವಣ ಒಳಗೆ ಇಳಿಯುವಂತೆ ಅದನ್ನು ಪದರ ಪದರವಾಗಿ ಸೀಳಬೇಕು, ಮತ್ತು ಆರು ಗಂಟೆಗಿಂತ ಕಡಿಮೆಯಾಗದಂತೆ, 72 ಗಂಟೆಗಿಂತ ಹೆಚ್ಚಾಗದಂತೆ ಅದು ಅದರಲ್ಲಿ ಇರಬೇಕು. ಹೀಗಲ್ಲದೆ ಚಿಕ್ಕ ಡಬ್ಬಿಯಲ್ಲಿ ತುರುಕಿ ಸ್ವಲ್ಪ ಫಾರ್ಮಾಲಿನ್ ಸುರಿದು ಕಳಿಸಿದರೆ ಗಡ್ಡೆಯ ನಡುಭಾಗ ಕೊಳೆಯುತ್ತದೆ, ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ಸುಳ್ಳು ಫಲಿತಾಂಶ ಕೊಡುತ್ತದೆ, ಐದು ವರ್ಷ ಅಗ್ಗದ ಮಾತ್ರೆಯಿಂದ ರಕ್ಷಣೆ ಪಡೆಯಬಹುದಾಗಿದ್ದ ಮಹಿಳೆಗೆ ಆ ಮಾತ್ರೆ ಬೇಡವೆಂಬ ತೀರ್ಮಾನವಾಗುತ್ತದೆ. ಇದಕ್ಕಿಂತ ದೊಡ್ಡ ಹಾನಿಯೆಂದರೆ ಸೂಜಿಯ ಬಯಾಪ್ಸಿ ಮಾಡದೆ, ಗಂಟನ್ನು ಬರಿಯ ಕೊಬ್ಬಿನ ಗಂಟೆಂದು ಬಗೆದು ಚಿಕ್ಕ ಆಸ್ಪತ್ರೆಯಲ್ಲಿ ತುಂಡು ತುಂಡಾಗಿ ತೆಗೆದು, ಪರೀಕ್ಷೆಗೆ ಕಳಿಸದೆ ಎಸೆದುಬಿಡುವುದು; ಆಮೇಲೆ ರೋಗ ಮರುಕಳಿಸಿ ದೊಡ್ಡ ಆಸ್ಪತ್ರೆಗೆ ಬಂದಾಗ ಮೊದಲ ಗಡ್ಡೆ ಎಷ್ಟು ದೊಡ್ಡದಿತ್ತು, ಯಾವ ಬಗೆಯದಿತ್ತು ಎಂದು ಹೇಳುವವರೇ ಇರುವುದಿಲ್ಲ. ಸರಿಯಾಗಿ ಸಂಸ್ಕರಿಸಿದ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಮಾಡುವ ಪ್ಯಾರಾಫಿನ್ ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ, ಅದನ್ನೂ ಗಾಜಿನ ಸ್ಲೈಡುಗಳನ್ನೂ ರೋಗಿಯ ಕಡೆಯವರು ಕೇಳಿ ಪಡೆದು ಬೇರೊಂದು ಆಸ್ಪತ್ರೆಯಲ್ಲಿ ಮರುಪರೀಕ್ಷೆ ಮಾಡಿಸಬಹುದು. ಆಸ್ಪತ್ರೆಯ ಬಿಲ್ಲಿಗಿಂತ ಜೋಪಾನವಾಗಿ ಇಡಬೇಕಾದ ವಸ್ತುಗಳು ಇವು.

ವರದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಡ್ಡೆಯ ಅಳತೆ. ಎರಡು ಸೆಂಟಿಮೀಟರಿನವರೆಗಿನದು ಚಿಕ್ಕದು, ಐದರವರೆಗಿನದು ಮಧ್ಯಮ, ಐದನ್ನು ಮೀರಿದ್ದು ದೊಡ್ಡದು ಎಂಬುದು ಅಂತರರಾಷ್ಟ್ರೀಯ ವಿಂಗಡಣೆ. ಅಳತೆ ಎಷ್ಟೇ ಇರಲಿ, ಎದೆಯ ಗೋಡೆಗೆ ಅಂಟಿದ್ದರೆ, ಚರ್ಮವನ್ನು ಹುಣ್ಣಾಗಿಸಿದ್ದರೆ ಇಲ್ಲವೆ ಕಿತ್ತಳೆ ಸಿಪ್ಪೆಯಂತೆ ಉಬ್ಬಿಸಿದ್ದರೆ ಅದು ನಾಲ್ಕನೆಯ ವರ್ಗಕ್ಕೆ ಸೇರುತ್ತದೆ.

ಅಳತೆಗಿಂತ ಹೆಚ್ಚು ತೂಕದ ಸಂಗತಿ ಕಂಕುಳಿನ ದುಗ್ಧಗ್ರಂಥಿಗಳದು. ಸ್ತನದಿಂದ ಹರಿದುಬರುವ ದುಗ್ಧರಸವನ್ನು ಸೋಸುವ, ಅವರೆಕಾಳಿನ ಗಾತ್ರದ ಈ ಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶ ಕಾಣಿಸಿಕೊಂಡಿದೆಯೆಂದರೆ ಗಡ್ಡೆಗೆ ಸಂಚಾರ ಮಾಡುವ ಶಕ್ತಿ ಬಂದಿದೆಯೆಂದು ಅರ್ಥ. ಒಂದರಿಂದ ಮೂರು, ನಾಲ್ಕರಿಂದ ಒಂಬತ್ತು, ಹತ್ತು ಮತ್ತು ಅದಕ್ಕಿಂತ ಹೆಚ್ಚು ಎಂದು ಮೂರು ಮೆಟ್ಟಿಲುಗಳಲ್ಲಿ ಅವನ್ನು ಎಣಿಸುತ್ತಾರೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದ ಶಸ್ತ್ರಚಿಕಿತ್ಸೆಯಾದರೆ ಕನಿಷ್ಠ ಹತ್ತು ಗ್ರಂಥಿಗಳನ್ನಾದರೂ ಹುಡುಕಿ ನೋಡಿರಬೇಕೆಂಬ ನಿಯಮ ಇರುವುದಕ್ಕೆ ಕಾರಣವಿದೆ: ಮೂರನ್ನು ಮಾತ್ರ ನೋಡಿ ಎರಡರಲ್ಲಿ ರೋಗವಿದೆ ಎಂದ ವರದಿಗೂ ಹದಿನೈದನ್ನು ನೋಡಿ ಎರಡರಲ್ಲಿ ರೋಗವಿದೆ ಎಂದ ವರದಿಗೂ ಅಂತರ ಬಹಳ. ಗ್ರಂಥಿಗಳ ಈ ಎಣಿಕೆ ಎಷ್ಟು ದೂರದ ಭವಿಷ್ಯವನ್ನು ಮುಟ್ಟುತ್ತದೆಯೆಂಬುದನ್ನು 88 ಪ್ರಯೋಗಗಳ ಸುಮಾರು 63 ಸಾವಿರ ಮಹಿಳೆಯರ ದಾಖಲೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯಿದ್ದು ಐದು ವರ್ಷ ಮಾತ್ರೆ ಮುಗಿಸಿ ರೋಗವಿಲ್ಲದೆ ಇದ್ದವರಲ್ಲಿ, ನಂತರದ ಹದಿನೈದು ವರ್ಷಗಳಲ್ಲಿ ದೂರದ ಅಂಗಗಳಿಗೆ ರೋಗ ಹರಡುವ ಸಂಭವವು ಗಡ್ಡೆ ಎರಡು ಸೆಂಟಿಮೀಟರ್ ಒಳಗಿದ್ದು ಗ್ರಂಥಿಗಳು ಶುದ್ಧವಾಗಿದ್ದವರಿಗೆ ಶೇ 13ರಷ್ಟಿತ್ತು. ಗಡ್ಡೆ ಅಷ್ಟೇ ಚಿಕ್ಕದಾಗಿದ್ದರೂ ನಾಲ್ಕರಿಂದ ಒಂಬತ್ತು ಗ್ರಂಥಿಗಳಲ್ಲಿ ರೋಗವಿದ್ದವರಿಗೆ ಶೇ 34ರಷ್ಟಿತ್ತು. ಐದು ವರ್ಷ ದಾಟಿದರೆ ಗೆದ್ದಂತೆ ಎಂಬ ಜನಪ್ರಿಯ ಮಾತನ್ನು ಈ ಬಗೆಯ ಕ್ಯಾನ್ಸರಿಗೆ ಅನ್ವಯಿಸುವುದು ಆದ್ದರಿಂದ ಸರಿಯಾಗಲಾರದು.

ಗಡ್ಡೆಯ ಸ್ವಭಾವವನ್ನು ಹೇಳುವ ಅಂಕಕ್ಕೆ ಗ್ರೇಡ್ ಎಂದು ಹೆಸರು. ಇದನ್ನು ರೋಗದ ಹಂತವೆಂದು ತಿಳಿದು ಗ್ರೇಡ್ ಮೂರು ಎಂದೊಡನೆ ಮೂರನೆಯ ಹಂತವೆಂದು ಗಾಬರಿಯಾಗುವವರು ಅನೇಕರಿದ್ದಾರೆ. ಹಂತವೆಂಬುದು ರೋಗ ಎಷ್ಟು ದೂರ ಹೋಗಿದೆ ಎಂಬುದರ ಲೆಕ್ಕವಾದರೆ ಗ್ರೇಡ್ ಎಂಬುದು ಕೋಶಗಳು ತಮ್ಮ ಮೂಲ ರೂಪದಿಂದ ಎಷ್ಟು ಕೆಟ್ಟಿವೆ ಎಂಬುದರ ಲೆಕ್ಕ. ಕೋಶಗಳು ಹಾಲಿನ ನಾಳಗಳಂತೆ ಕೊಳವೆಗಳನ್ನು ಕಟ್ಟುತ್ತಿವೆಯೆ, ಅವುಗಳ ಬೀಜಕೇಂದ್ರಗಳು ಎಷ್ಟು ವಿಕಾರವಾಗಿವೆ, ಎಷ್ಟು ಕೋಶಗಳು ಒಡೆದು ಇಮ್ಮಡಿಯಾಗುತ್ತಿವೆ ಎಂಬ ಮೂರು ಪ್ರಶ್ನೆಗಳಿಗೆ ಒಂದರಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸಿದಾಗ ಮೊತ್ತ ಮೂರರಿಂದ ಐದಾದರೆ ಮೊದಲ ಗ್ರೇಡ್, ಆರು ಅಥವಾ ಏಳಾದರೆ ಎರಡನೆಯದು, ಎಂಟು ಅಥವಾ ಒಂಬತ್ತಾದರೆ ಮೂರನೆಯದು. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ರೂಪಿಸಿದ ಈ ಕ್ರಮವನ್ನು 1991ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಎಲ್ಸ್‌ಟನ್ ಮತ್ತು ಎಲ್ಲಿಸ್ ತಿದ್ದಿ ಖಚಿತಗೊಳಿಸಿದರು. ಸೂಕ್ಷ್ಮದರ್ಶಕವೊಂದಿದ್ದರೆ ಸಾಕು, ದುಬಾರಿ ಉಪಕರಣ ಬೇಡ ಎಂಬುದು ಇದರ ದೊಡ್ಡ ಗುಣ. ಗಡ್ಡೆಯ ಅಂಚಿನಲ್ಲಿರುವ ಸಣ್ಣ ರಕ್ತನಾಳ ಅಥವಾ ದುಗ್ಧನಾಳಗಳ ಒಳಗೆ ಕ್ಯಾನ್ಸರ್ ಕೋಶಗಳು ಕಂಡರೆ ಅದನ್ನೂ ಬೇರೆಯಾಗಿ ಬರೆಯುತ್ತಾರೆ, ಏಕೆಂದರೆ ಗ್ರಂಥಿಗಳಲ್ಲಿ ಏನೂ ಕಾಣದಿದ್ದರೂ ಕೋಶಗಳು ಹೊರಡುವ ದಾರಿ ಹಿಡಿದಿವೆಯೆಂದು ಅದು ತಿಳಿಸುತ್ತದೆ. ಕೊಯ್ದ ಅಂಚಿಗೆ ಶಾಯಿ ಬಳಿದು, ಆ ಶಾಯಿಯನ್ನು ಕ್ಯಾನ್ಸರ್ ಕೋಶಗಳು ಮುಟ್ಟಿವೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಮ್ಯಾಸ್ಟೆಕ್ಟಮಿಯಲ್ಲಿಯೂ ಅಗತ್ಯ. ಇಡೀ ಸ್ತನ ಹೋಗಿದ್ದರೂ ಎದೆಯ ಸ್ನಾಯುವಿನ ಕಡೆಯ ಅಂಚಿನಲ್ಲಿ ರೋಗ ಉಳಿದಿರಬಹುದು.

ಇಲ್ಲಿಯವರೆಗಿನದು ಕಣ್ಣಿಗೆ ಕಾಣುವ ರೂಪದ ಮಾತು. ಕೋಶಗಳ ಮೇಲಿನ ಮತ್ತು ಒಳಗಿನ ಗ್ರಾಹಕಗಳೆಂಬ ಪ್ರೋಟೀನುಗಳನ್ನು ಬಣ್ಣ ಹಿಡಿಸಿ ನೋಡುವ ಪರೀಕ್ಷೆ ಇನ್ನೊಂದು ಬಗೆಯದು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಗ್ರಾಹಕಗಳು ಶೇ 1ರಷ್ಟು ಕೋಶಗಳಲ್ಲಿ ಕಂಡರೂ ಗಡ್ಡೆಯನ್ನು ಹಾರ್ಮೋನ್ ಪಾಸಿಟಿವ್ ಎಂದು ಕರೆಯುತ್ತಾರೆ. ಅಂಥ ಗಡ್ಡೆಗೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ ನಾಟುತ್ತದೆ. ಹರ್-2 ಎಂಬ ಮೂರನೆಯ ಪ್ರೋಟೀನಿಗೆ ಸೊನ್ನೆಯಿಂದ ಮೂರರವರೆಗೆ ಅಂಕವಿದ್ದು, ಮೂರು ಬಂದರೆ ಪಾಸಿಟಿವ್, ಎರಡು ಬಂದರೆ ಸಂದಿಗ್ಧ. ಸಂದಿಗ್ಧವಾದಾಗ ಫಿಶ್ ಎಂಬ ವಂಶವಾಹಿ ಪರೀಕ್ಷೆ ಮಾಡಿಸದೆ ತೀರ್ಮಾನಕ್ಕೆ ಬರುವಂತಿಲ್ಲ, ಆದರೆ ಖರ್ಚಿಗೆ ಅಂಜಿ ಬಹಳಷ್ಟು ಕುಟುಂಬಗಳು ನಿಂತುಬಿಡುವ ಜಾಗವೂ ಇದೇ. ಮೂರೂ ಇಲ್ಲದ ಗಡ್ಡೆಗೆ ಟ್ರಿಪಲ್ ನೆಗೆಟಿವ್ ಎಂಬ ಹೆಸರಿದೆ. ಪಾಶ್ಚಾತ್ಯ ದೇಶಗಳಲ್ಲಿ ಹತ್ತರಲ್ಲಿ ಒಂದೆರಡು ಮಂದಿಯಲ್ಲಿ ಕಾಣುವ ಈ ಬಗೆ ಭಾರತದ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಲ್ಲಿ ಕಂಡುಬಂದಿದೆ. ಭಾರತೀಯ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವ ವಯಸ್ಸೂ ಪಾಶ್ಚಾತ್ಯರಿಗಿಂತ ಸುಮಾರು ಒಂದು ದಶಕ ಮುಂಚೆ, ಮತ್ತು ಕಿರಿಯ ವಯಸ್ಸು ತಾನೇ ಒಂದು ಅಪಾಯದ ಲಕ್ಷಣ. ಟ್ರಿಪಲ್ ನೆಗೆಟಿವ್ ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಮೂರರಿಂದ ಐದು ವರ್ಷಗಳಲ್ಲಿ ಮರಳುತ್ತದೆ. ಹಾರ್ಮೋನ್ ಪಾಸಿಟಿವ್ ರೋಗ ತಾಳ್ಮೆಯಿಂದ ಇಪ್ಪತ್ತು ವರ್ಷವೂ ಕಾಯಬಲ್ಲದು.

ಯಾವ ಲಕ್ಷಣವೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ ಎಂಬುದನ್ನು ತೋರಿಸಲು ನಾಟಿಂಗ್‌ಹ್ಯಾಮಿನವರೇ 1982ರಲ್ಲಿ ರೂಪಿಸಿದ ಸೂಚ್ಯಂಕ ಒಳ್ಳೆಯ ಉದಾಹರಣೆ. ಗಡ್ಡೆಯ ಸೆಂಟಿಮೀಟರ್ ಅಳತೆಯನ್ನು 0.2ರಿಂದ ಗುಣಿಸಿ, ಗ್ರೇಡಿನ ಅಂಕವನ್ನೂ ಗ್ರಂಥಿಗಳ ಅಂಕವನ್ನೂ (ರೋಗವಿಲ್ಲದಿದ್ದರೆ ಒಂದು, ಮೂರರವರೆಗಿದ್ದರೆ ಎರಡು, ಅದಕ್ಕೂ ಹೆಚ್ಚಿದ್ದರೆ ಮೂರು) ಅದಕ್ಕೆ ಕೂಡಿಸಬೇಕು. ಒಂದೂವರೆ ಸೆಂಟಿಮೀಟರಿನ, ಎರಡನೆಯ ಗ್ರೇಡಿನ, ಗ್ರಂಥಿಗಳು ಶುದ್ಧವಾಗಿರುವ ಗಡ್ಡೆಗೆ ಮೊತ್ತ 3.3 ಬರುತ್ತದೆ, ಇದು ಕ್ಷೇಮದ ವಲಯ. ಮೂರು ಸೆಂಟಿಮೀಟರಿನ, ಮೂರನೆಯ ಗ್ರೇಡಿನ, ಎರಡು ಗ್ರಂಥಿಗಳಿಗೆ ಹಬ್ಬಿದ ಗಡ್ಡೆಗೆ 5.6 ಬರುತ್ತದೆ, 5.4 ದಾಟಿದ್ದೆಲ್ಲ ಅಧಿಕ ಅಪಾಯದ್ದು. ಒಂದೂವರೆ ಸೆಂಟಿಮೀಟರ್ ಹೆಚ್ಚಾದುದರಿಂದ ಮೊತ್ತ ಹೆಚ್ಚಿದ್ದು 0.3 ಮಾತ್ರ, ಉಳಿದ ಎರಡು ಅಂಕಗಳನ್ನು ಸೇರಿಸಿದ್ದು ಗ್ರೇಡ್ ಮತ್ತು ಗ್ರಂಥಿಗಳು. ಗಂಟು ಚಿಕ್ಕದಿದೆ, ಹೆದರುವಂಥದ್ದೇನಿಲ್ಲ ಎಂದು ಹೇಳುವವರು ಈ ಗಣಿತವನ್ನು ಒಮ್ಮೆ ಮಾಡಿ ನೋಡಬೇಕು.

ಸ್ತನ ತೆಗೆದ ಮೇಲೂ ಎದೆಯ ಗೋಡೆಗೆ ರೇಡಿಯೇಶನ್ ಯಾರಿಗೆ ಬೇಕು ಎಂಬುದು ಈ ವಿಷಯದ ನಡುಗಂಬ, ಮತ್ತು ವಾದ ಇನ್ನೂ ನಡೆದಿರುವುದೂ ಅಲ್ಲಿಯೇ. ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ರೋಗವಿದ್ದರೆ, ಗಡ್ಡೆ ಐದು ಸೆಂಟಿಮೀಟರ್ ಮೀರಿ ಗ್ರಂಥಿಗೂ ಹಬ್ಬಿದ್ದರೆ, ಚರ್ಮ ಅಥವಾ ಎದೆಗೋಡೆಯನ್ನು ಹಿಡಿದಿದ್ದರೆ, ಅಂಚಿನಲ್ಲಿ ರೋಗ ಉಳಿದಿದ್ದರೆ ರೇಡಿಯೇಶನ್ ಬೇಕೆಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಒಂದರಿಂದ ಮೂರು ಗ್ರಂಥಿಗಳ ಗುಂಪಿನದೇ ಕಷ್ಟ. 22 ಪ್ರಯೋಗಗಳ ಎಂಟು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಈ ಗುಂಪಿನಲ್ಲಿ ಹತ್ತು ವರ್ಷಗಳೊಳಗೆ ಎದೆ ಅಥವಾ ಕಂಕುಳಿನಲ್ಲಿ ರೋಗ ಮರಳಿದವರು ರೇಡಿಯೇಶನ್ ಪಡೆಯದವರಲ್ಲಿ ಶೇ 20.3, ಪಡೆದವರಲ್ಲಿ ಶೇ 3.8, ಇಪ್ಪತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರು ಶೇ 50.2ರಿಂದ ಶೇ 42.3ಕ್ಕೆ ಇಳಿದಿದ್ದರು. ಆದರೆ ಆ ಮಹಿಳೆಯರು ಚಿಕಿತ್ಸೆ ಪಡೆದದ್ದು ಈಗಿನ ಔಷಧಿಗಳು ಇಲ್ಲದ ಕಾಲದಲ್ಲಿ. 2006ರಿಂದ 2013ರ ನಡುವೆ 1,607 ಮಹಿಳೆಯರನ್ನು ಸೇರಿಸಿಕೊಂಡ ಸುಪ್ರೀಮೊ ಎಂಬ ಅಂತರರಾಷ್ಟ್ರೀಯ ಪ್ರಯೋಗವು ಮಧ್ಯಮ ಅಪಾಯದವರನ್ನೇ, ಅಂದರೆ ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗವಿದ್ದವರನ್ನು, ಇಲ್ಲವೆ ಗ್ರಂಥಿ ಶುದ್ಧವಿದ್ದರೂ ಗಡ್ಡೆ ಎರಡು ಸೆಂಟಿಮೀಟರ್ ದಾಟಿ ಮೂರನೆಯ ಗ್ರೇಡ್ ಅಥವಾ ನಾಳಗಳ ಆಕ್ರಮಣವನ್ನು ತೋರಿಸಿದವರನ್ನು ಆರಿಸಿಕೊಂಡಿತು. 2025ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ರೇಡಿಯೇಶನ್ ಪಡೆದವರೂ ಪಡೆಯದವರೂ ಹತ್ತು ವರ್ಷಗಳ ನಂತರ ಬದುಕುಳಿದ ಪ್ರಮಾಣ ಶೇ 81ರ ಆಸುಪಾಸಿನಲ್ಲಿ ಒಂದೇ ಆಗಿತ್ತು, ಎದೆಗೋಡೆಯಲ್ಲಿ ರೋಗ ಮರಳುವ ಸಂಭವ ಎರಡೂ ಕಡೆ ತೀರ ಕಡಿಮೆಯಿತ್ತು. ಔಷಧಿಗಳು ಉತ್ತಮವಾದಂತೆ ಅದೇ ಲಕ್ಷಣಗಳ ಅಪಾಯವೂ ಕುಗ್ಗುತ್ತದೆಂಬುದು ಇದರ ತಾತ್ಪರ್ಯ. ಆದರೆ ಈ ಫಲಿತಾಂಶವನ್ನು ಕಲಘಟಗಿ ತಾಲ್ಲೂಕಿಗೆ ಹಾಗೆಯೇ ತಂದು ಹಚ್ಚುವ ಮೊದಲು ಯೋಚಿಸಬೇಕಾಗುತ್ತದೆ, ಏಕೆಂದರೆ ಆ ಮಹಿಳೆಯರ ಗ್ರಂಥಿಗಳನ್ನು ಎಚ್ಚರದಿಂದ ಎಣಿಸಲಾಗಿತ್ತು, ಅವರು ಪ್ರಯೋಗವೊಂದರ ನಿಗಾದಲ್ಲಿದ್ದರು. ಎರಡು ಕೀಮೊ ಪಡೆದು ಬಿತ್ತನೆಗೆ ಮರಳಿದವರ, ನಾಲ್ಕೇ ಗ್ರಂಥಿ ನೋಡಿ ಬರೆದ ವರದಿ ಹಿಡಿದವರ ಅಪಾಯವನ್ನು ಅದೇ ಅಳತೆಗೋಲಿನಿಂದ ಅಳೆಯಲಾಗದು.

ರೇಡಿಯೇಶನ್ ಬೇಕಾದವರಿಗೆ ಈಚಿನ ವರ್ಷಗಳಲ್ಲಿ ಆಗಿರುವ ಒಂದು ಅನುಕೂಲ ಬಮ್ಮಿಗಟ್ಟಿಯಂಥ ಊರಿನವರಿಗೆ ಉಳಿದವರಿಗಿಂತ ಹೆಚ್ಚು ಉಪಯೋಗದ್ದು. ಕಲಘಟಗಿಯಿಂದ ಹುಬ್ಬಳ್ಳಿ ಸುಮಾರು 30 ಕಿಲೋಮೀಟರ್; ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇರುವುದರಿಂದ ಈ ಭಾಗದವರು ರೇಡಿಯೇಶನ್ನಿಗಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲೇಬೇಕಾದ ಅನಿವಾರ್ಯತೆ ತಪ್ಪಿದೆ. ಆದರೂ ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 25 ಸಲ ಹೋಗಿಬರುವುದೆಂದರೆ ಗೋವಿನಜೋಳ, ಸೋಯಾ, ಭತ್ತದ ಕೆಲಸವಿರುವ ಮನೆಯಲ್ಲಿ ರೋಗಿಯ ಜೊತೆಗೆ ಇನ್ನೊಬ್ಬರ ದುಡಿಮೆಯೂ ನಿಂತಂತೆ. ಬೀಜಿಂಗಿನ ಆಸ್ಪತ್ರೆಯೊಂದರಲ್ಲಿ ಮ್ಯಾಸ್ಟೆಕ್ಟಮಿಯಾದ, ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ರೋಗ ಇಲ್ಲವೆ ದೊಡ್ಡ ಗಡ್ಡೆಯಿದ್ದ 820 ಅಧಿಕ ಅಪಾಯದ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಐದು ವಾರಗಳ ವಾಡಿಕೆಯ ರೇಡಿಯೇಶನ್ನನ್ನೂ ಇನ್ನೊಂದಕ್ಕೆ ಪ್ರತಿ ಸಲದ ಪ್ರಮಾಣ ತುಸು ಹೆಚ್ಚಿಸಿ ಮೂರೇ ವಾರಗಳಲ್ಲಿ 15 ಸಲದ ರೇಡಿಯೇಶನ್ನನ್ನೂ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದಂತೆ ಐದು ವರ್ಷಗಳಲ್ಲಿ ಆ ಭಾಗದಲ್ಲಿ ರೋಗ ಮರಳಿದ್ದು ಎರಡೂ ಗುಂಪಿನಲ್ಲಿ ಶೇ 8ರ ಸುಮಾರು. ಹತ್ತು ಸಲದ ಪ್ರಯಾಣ ಉಳಿಯುತ್ತದೆಂಬ ಕಾರಣಕ್ಕೆ ಚಿಕಿತ್ಸೆಯನ್ನು ಪೂರ್ಣಗೊಳಿಸುವ ಮನೆಗಳಿವೆ. ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಔಷಧಿಗಳ ಮಾತನ್ನು ಸಂಕ್ಷೇಪಿಸಬಹುದು. ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ತಪ್ಪದೆ ನುಂಗಿದ ಹಾರ್ಮೋನ್ ಪಾಸಿಟಿವ್ ಮಹಿಳೆಯರಲ್ಲಿ ಮೊದಲ ಹದಿನೈದು ವರ್ಷಗಳ ಸ್ತನ ಕ್ಯಾನ್ಸರ್ ಸಾವುಗಳು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗುತ್ತವೆ. ಇಷ್ಟು ಕಡಿಮೆ ಬೆಲೆಗೆ ಇಷ್ಟು ಫಲ ಕೊಡುವ ಔಷಧಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಪರೂಪ. ಹರ್-2 ಪಾಸಿಟಿವ್ ಗಡ್ಡೆ ಒಂದು ಕಾಲಕ್ಕೆ ಅತ್ಯಂತ ಕೆಟ್ಟದೆನಿಸಿತ್ತು. ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದು ಬಂದ ಮೇಲೆ ಅದರ ಸ್ಥಾನ ಬದಲಾಯಿತು. ಸಾಮಾನ್ಯರ ಕೈಗೆ ಎಟುಕದ ಬೆಲೆಯಿದ್ದ ಈ ಔಷಧದ ಸಮಾನ ರೂಪವನ್ನು ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು, 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಗಡ್ಡೆ ದೊಡ್ಡದಿದ್ದಾಗ, ಹರ್-2 ಪಾಸಿಟಿವ್ ಇಲ್ಲವೆ ಟ್ರಿಪಲ್ ನೆಗೆಟಿವ್ ಇದ್ದಾಗ ಮೊದಲು ಕೀಮೊ ಕೊಟ್ಟು ನಂತರ ಸ್ತನ ತೆಗೆಯುವ ಕ್ರಮವೂ ಈಗ ಸಾಮಾನ್ಯವಾಗಿದ್ದು, ಆಗ ತೆಗೆದ ಸ್ತನದಲ್ಲಿ ಜೀವಂತ ಕ್ಯಾನ್ಸರ್ ಇನ್ನೂ ಉಳಿದಿದೆಯೆ ಎಂಬುದೇ ಹೊಸದೊಂದು ಅಪಾಯದ ಲಕ್ಷಣವಾಗುತ್ತದೆ: ಪೂರ್ತಿ ಕರಗಿದ್ದರೆ ಭವಿಷ್ಯ ಒಳ್ಳೆಯದು, ಉಳಿದಿದ್ದರೆ ಬೇರೆ ಔಷಧಿ ಸೇರಿಸಬೇಕು. ಮೊದಲು ಏಕೆ ಕೊಯ್ಯುತ್ತಿಲ್ಲ, ದಿನ ತಳ್ಳುತ್ತಿದ್ದಾರೆಯೆ ಎಂದು ಶಂಕಿಸಿ ಆಸ್ಪತ್ರೆ ಬದಲಿಸುವ ಕುಟುಂಬಗಳಿಗೆ ಈ ಕ್ರಮದ ಕಾರಣವನ್ನು ಯಾರಾದರೂ ಕನ್ನಡದಲ್ಲಿ ಕೂತು ಹೇಳಿದರೆ ಎಷ್ಟೋ ಅನಾಹುತ ತಪ್ಪೀತು.

ಹಣದ ಮಾತಿಗೆ ಬಂದರೆ, ಬಡತನ ರೇಖೆಗಿಂತ ಕೆಳಗಿನವರಿಗೆ ಕ್ಯಾನ್ಸರ್ ಸೇರಿದಂತೆ ದೊಡ್ಡ ರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿಯೇ ಮೊದಲು ಜಾರಿಯಾಯಿತು. ಯೋಜನೆಯಿದ್ದ ಮತ್ತು ಇನ್ನೂ ಬಾರದಿದ್ದ ಗಡಿಯ ಇಕ್ಕೆಲದ 572 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವು, ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಅದರ ವ್ಯಾಪ್ತಿಯ ರೋಗಗಳಿಂದಾಗುವ ಸಾವು ಗಣನೀಯವಾಗಿ ಕಡಿಮೆಯಿತ್ತೆಂದು ಕಂಡುಕೊಂಡಿತು. 2018ರ ನಂತರ ಆ ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಭಾಗವಾಗಿದೆ. ಈ ಯೋಜನೆಯಲ್ಲಿ ಚಿಕಿತ್ಸೆಗೆ ಪೂರ್ವಾನುಮತಿ ಪಡೆಯುವಾಗಲೂ ಮೊದಲು ಕೇಳುವುದು ಬಯಾಪ್ಸಿಯ ವರದಿಯನ್ನೇ.

ಅಪಾಯದ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅವು ಎರಡು ಜಾತಿಯವೆಂದು ಕಾಣುತ್ತದೆ. ಗ್ರೇಡ್ ಮತ್ತು ಗ್ರಾಹಕಗಳು ಬಹುಮಟ್ಟಿಗೆ ಗಡ್ಡೆಯ ಹುಟ್ಟುಗುಣ, ಬೇಗ ಬಂದರೂ ತಡವಾಗಿ ಬಂದರೂ ಅವು ಹೆಚ್ಚು ಬದಲಾಗುವುದಿಲ್ಲ. ಅಳತೆ, ಗ್ರಂಥಿಗಳ ಎಣಿಕೆ, ಚರ್ಮದ ಹುಣ್ಣು ಇವು ಕಾಲದೊಂದಿಗೆ ಕೂಡಿಕೊಂಡವು. ಕಾಲವನ್ನು ಮುಂಚಿತಗೊಳಿಸಿದರೆ ಏನಾಗುತ್ತದೆಂಬುದಕ್ಕೆ ಭಾರತದ್ದೇ ಉತ್ತರವೊಂದು ಮುಂಬೈಯ ಟಾಟಾ ಸ್ಮಾರಕ ಕೇಂದ್ರದಿಂದ ಬಂದಿದೆ. 1998ರಲ್ಲಿ ಆರಂಭವಾದ ಪ್ರಯೋಗದಲ್ಲಿ 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಯ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ಮ್ಯಾಮೊಗ್ರಾಮ್ ಇಲ್ಲದೆ, ಬರಿಯ ಕೈಯಿಂದ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ನಂತರ 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ಮತ್ತು ನಾಲ್ಕನೆಯ ಹಂತದಲ್ಲಿ ಪತ್ತೆಯಾದವರ ಪಾಲು ಶೇ 47ರಿಂದ 37ಕ್ಕೆ ಇಳಿದಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವುಗಳು ಸುಮಾರು ಶೇ 30ರಷ್ಟು ತಗ್ಗಿದ್ದವು. ಐವತ್ತರ ಒಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ, ಆ ವಯಸ್ಸಿನ ಗಡ್ಡೆಗಳ ಹುಟ್ಟುಗುಣ ಹೆಚ್ಚು ಉಗ್ರವಾಗಿರುವುದು ಅದಕ್ಕೆ ಒಂದು ಕಾರಣವಿರಬಹುದು.

ಕೈಯಿಂದ ಸ್ತನ ಪರೀಕ್ಷಿಸುವ ಈ ಕೆಲಸಕ್ಕೆ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಇದ್ದಾರೆ, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, 2016ರ ರಾಷ್ಟ್ರೀಯ ಮಾರ್ಗಸೂಚಿ 30ರಿಂದ 65 ವರ್ಷದ ಮಹಿಳೆಯರ ಸ್ತನ ಪರೀಕ್ಷೆಯನ್ನು ಅವರ ಕಾರ್ಯಪಟ್ಟಿಯಲ್ಲಿ ಸೇರಿಸಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಮ್ಮ ಸ್ತನವನ್ನು ಕ್ಯಾನ್ಸರಿಗಾಗಿ ಒಮ್ಮೆಯಾದರೂ ಪರೀಕ್ಷಿಸಿಕೊಂಡ 30ರಿಂದ 49 ವರ್ಷದ ಮಹಿಳೆಯರು ದೇಶದಲ್ಲಿ ಶೇ 1ಕ್ಕಿಂತ ಕಡಿಮೆಯಿದ್ದರು. ಮುಂಬೈಯಲ್ಲಿ ಫಲ ಕೊಟ್ಟ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ನಡೆದದ್ದು. ರಾಷ್ಟ್ರೀಯ ಮಾರ್ಗಸೂಚಿ ನಿಗದಿಪಡಿಸಿರುವುದು ಐದು ವರ್ಷಕ್ಕೊಮ್ಮೆ. ಐದು ವರ್ಷವೆಂದರೆ ಕೈಗೆ ತಾಗದ ಕಾಳೊಂದು ಚರ್ಮವನ್ನು ಹುಣ್ಣಾಗಿಸುವಷ್ಟು ಬೆಳೆಯಲು ಮೂರನೆಯ ಗ್ರೇಡಿನ ಗಡ್ಡೆಗೆ ಬೇಕಾದಷ್ಟಾಯಿತು, ಆದ್ದರಿಂದ ಈ ಅಂತರವನ್ನು ಕುಗ್ಗಿಸದೆ ಕಾರ್ಯಕ್ರಮವನ್ನು ಮನೆ ಮನೆಗೆ ಒಯ್ದರೂ ಹುಬ್ಬಳ್ಳಿಯ ಶಸ್ತ್ರಚಿಕಿತ್ಸಾ ಕೊಠಡಿಗೆ ಬರುವ ಗಡ್ಡೆಗಳ ಅಳತೆ ಹೆಚ್ಚೇನೂ ಬದಲಾಗುವ ಸಂಭವವಿಲ್ಲ.